ನೂಲಿನ ಬಲವೂ ಹೊಲಿಗೆಯ ಬಲವೂ: ಮೆನಿಸ್ಕಸ್ ಜೋಡಣೆಯ ಪ್ರಯೋಗಸಾಹಿತ್ಯದ ವಿಮರ್ಶೆ

೧

ಶಾಸ್ತ್ರಗ್ರಂಥಗಳಲ್ಲಿ ದೋಷವು ಅನೇಕವೇಳೆ ವಾಕ್ಯದಲ್ಲಿರುವುದಿಲ್ಲ; ಒಂದು ಪದದಲ್ಲಿ ಅಡಗಿರುತ್ತದೆ. ವಾಕ್ಯವು ಶುದ್ಧವಾಗಿರಬಹುದು, ಅದರೊಳಗಿನ ಅಂಕಿಗಳು ಸರಿಯಾಗಿ ಅಳೆದು ಬರೆದವುಗಳೇ ಆಗಿರಬಹುದು. ಆದರೂ ಮೂರು ನಾಲ್ಕು ಬೇರೆಬೇರೆ ಗುಣಗಳು ಒಂದೇ ಹೆಸರಿನ ಮರೆಯಲ್ಲಿ ನಿಂತಿದ್ದರೆ, ವಾಚಕನು ಒಂದನ್ನು ಕೇಳಿ ಮತ್ತೊಂದನ್ನು ನಂಬುವನು. ಮಂಡಿಯ ಕೀಲಿನಲ್ಲಿ ಹರಿದ ಮೆನಿಸ್ಕಸ್ಸನ್ನು ಹೊಲಿದು ಕೂಡಿಸುವ ದಾರಗಳನ್ನು ಕುರಿತು ಸುಮಾರು ನಲವತ್ತು ವರ್ಷಗಳಿಂದ ಬೆಳೆದುಬಂದಿರುವ ಪ್ರಯೋಗಸಾಹಿತ್ಯದಲ್ಲಿ ‘ಬಲ’ ಎಂಬುದು ಅಂತಹ ಪದ. ದಾರದ ಬಲ, ಗಂಟಿನ ಬಲ, ಹೊಲಿಗೆಯ ಬಲ, ಕೂಡಿಬಂದ ಅಂಗಾಂಶದ ಬಲ ಇವು ನಾಲ್ಕೂ ಬೇರೆ. ಇವುಗಳನ್ನು ಒಂದೆಂದು ಭಾವಿಸಿದರೆ ಹೆಚ್ಚು ಬಲವಾದ ದಾರವೇ ಮೇಲಾದ ಚಿಕಿತ್ಸೆಯೆಂಬ ಸಿದ್ಧಾಂತವು ತಾನಾಗಿ ಹುಟ್ಟುವುದು. ಆ ಸಿದ್ಧಾಂತವು ಪ್ರಯೋಗಗಳಿಂದಲೇ ನಿಲ್ಲುವುದಿಲ್ಲವೆಂದು ತೋರಿಸುವುದು ಈ ವಿಮರ್ಶೆಯ ಉದ್ದೇಶ.

ಶಸ್ತ್ರವೈದ್ಯರ ವಿಷಯವು ಭಾಷಾಸಾಹಿತ್ಯಗಳ ಪತ್ರಿಕೆಗೆ ಏಕೆ ಎಂದು ಕೇಳಬಹುದು. ಕನ್ನಡದಲ್ಲಿ ವೈದ್ಯವು ಸಾಹಿತ್ಯದ ಹೊರಗೆ ಎಂದೂ ಇದ್ದುದಲ್ಲ. ಜಗದ್ದಳ ಸೋಮನಾಥನು ಹನ್ನೆರಡನೆಯ ಶತಮಾನದಲ್ಲಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿದನು; ಕೀರ್ತಿವರ್ಮನ ‘ಗೋವೈದ್ಯ’ವೂ, ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ವೂ ಕವಿಚರಿತ್ರೆಯಲ್ಲಿ ಸ್ಥಾನಪಡೆದ ಕೃತಿಗಳು. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದಾಗ ಅವರ ಮುಂದಿದ್ದ ತೊಡಕೂ ಪದದ ತೊಡಕೇ. ಪದವನ್ನು ಒರೆಗೆ ಹಚ್ಚುವುದು ಸಾಹಿತ್ಯವಿಮರ್ಶೆಯ ಕೆಲಸವಾದಕಾರಣ, ಪದದ ಮೇಲೆ ಮನುಷ್ಯನ ಮಂಡಿಯೊಂದು ನಿಂತಿರುವಾಗ ಆ ಕೆಲಸವನ್ನು ಅನ್ಯರದೆಂದು ಬಿಡುವುದು ಯುಕ್ತವಲ್ಲ.

೨

ನೂಲಿನ ಗುಣಗಳನ್ನು ವಿಂಗಡಿಸುವ ಮಾತುಗಳಿಗಾಗಿ ಬಹುದೂರ ಹೋಗಬೇಕಾಗಿಲ್ಲ. ಬೆಂಗಳೂರಿನಿಂದ ದಕ್ಷಿಣಕ್ಕೆ ಹೋಗುವ ಕನಕಪುರ ರಸ್ತೆಯೇ ರೇಷ್ಮೆಯ ರಸ್ತೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಮ್‌ಷೇಟ್‌ಜಿ ತಾತಾ ಅವರು ಜಪಾನೀ ಕ್ರಮವನ್ನು ತಂದು ನಡೆಸಿದ ರೇಷ್ಮೆಯ ತೋಟದ ಹೆಸರು ಬಸವನಗುಡಿಯ ಕಡೆ ‘ಟಾಟಾ ಸಿಲ್ಕ್ ಫಾರಂ’ ಎಂದು ಇಂದಿಗೂ ಉಳಿದಿದೆ. ಅಲ್ಲಿಂದ ಮುಂದೆ ಕೋಣನಕುಂಟೆ. ಕುಂಟೆಯೆಂದರೆ ಸಣ್ಣ ಕೆರೆ, ಊರಿನ ಹೆಸರೇ ಅದರ ಹಳೆಯ ರೂಪವನ್ನು ಹೇಳುತ್ತದೆ. ೨೦೨೧ರ ಜನವರಿಯಲ್ಲಿ ಕೋಣನಕುಂಟೆ ಕ್ರಾಸಿನ ಮೇಲೆ ಹಾದುಹೋಗುವಂತೆ ಮೆಟ್ರೋ ರೈಲು ವಿಸ್ತಾರಗೊಂಡಾಗ ಆ ಮಾರ್ಗದ ದಕ್ಷಿಣದ ಕೊನೆಯ ನಿಲ್ದಾಣಕ್ಕೆ ‘ರೇಷ್ಮೆ ಸಂಸ್ಥೆ’ ಎಂದು ಹೆಸರಾಯಿತು. ತಲಘಟ್ಟಪುರದ ಕರ್ನಾಟಕ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ಅದರ ಸಮೀಪದಲ್ಲಿದೆ. ಇನ್ನೂ ಮುಂದೆ ಕನಕಪುರ, ಅದರ ಪಕ್ಕದಲ್ಲಿ ಗೂಡಿನ ಮಾರುಕಟ್ಟೆಗೆ ಹೆಸರಾದ ರಾಮನಗರ.

ಈ ಸೀಮೆಯಲ್ಲಿ ಗೂಡಿನಿಂದ ನೂಲು ಬಿಚ್ಚುವವರೂ, ಹುರಿ ಮಾಡುವವರೂ, ನೇಯುವವರೂ ನೂಲನ್ನು ‘ಬಲವಾದುದು’ ಎಂಬ ಒಂದೇ ಮಾತಿನಿಂದ ಹೊಗಳಿ ಬಿಡುವುದಿಲ್ಲ. ಎಳೆ ಬೇರೆ, ಹುರಿ ಬೇರೆ, ಹೆಣಿಗೆ ಬೇರೆ. ಎಳೆದರೆ ಹರಿಯದಿರುವುದು ಒಂದು ಗುಣ, ಎಳೆದಾಗ ಹಿಗ್ಗದಿರುವುದು ಇನ್ನೊಂದು, ಬಾಳಿಕೆ ಬರುವುದು ಮೂರನೆಯದು. ರೇಷ್ಮೆಯ ಎಳೆಯಲ್ಲಿ ಫೈಬ್ರಾಯಿನ್ ಎಂಬ ಸಸಾರಜನಕ ವಸ್ತುವಿನ ಎರಡು ತಂತುಗಳು ಸೆರಿಸಿನ್ ಎಂಬ ಅಂಟಿನಿಂದ ಕೂಡಿಕೊಂಡಿರುತ್ತವೆ. ಅಂಟನ್ನು ಕುದಿಸಿ ತೆಗೆದು, ಉಳಿದ ತಂತುಗಳನ್ನು ಹೆಣೆದು, ಮೇಣವನ್ನೋ ಸಿಲಿಕೋನನ್ನೋ ಸವರಿದರೆ ಅದು ಶಸ್ತ್ರವೈದ್ಯನ ದಾರವಾಗುವುದು. ಈ ದಾರವನ್ನು ಶಾಸ್ತ್ರವು ‘ಕರಗದ ದಾರ’ಗಳ ಪಂಕ್ತಿಯಲ್ಲಿ ಸೇರಿಸಿದೆ, ಆದರೆ ದೇಹದಲ್ಲಿ ಸುಮಾರು ಒಂದು ವರ್ಷದೊಳಗೆ ಅದು ತನ್ನ ಬಲದ ಬಹುಭಾಗವನ್ನು ಕಳೆದುಕೊಳ್ಳುತ್ತದೆ, ಎರಡು ವರ್ಷಗಳ ತರುವಾಯ ಸಾಮಾನ್ಯವಾಗಿ ಕಾಣಸಿಗುವುದಿಲ್ಲ. ಪಂಕ್ತಿಯ ಹೆಸರೊಂದು, ವಸ್ತುವಿನ ನಡತೆಯೊಂದು ಎಂಬುದಕ್ಕೆ ಇದೇ ಮೊದಲ ನಿದರ್ಶನ.

ಮಂಡಿಯೊಳಗೆ ಇಂದು ರೇಷ್ಮೆಯನ್ನು ಬಳಸುವ ವಾಡಿಕೆಯಿಲ್ಲ. ಆದರೂ ರೇಷ್ಮೆಯ ಪಕ್ಷವನ್ನು ಹಿಡಿದ ಶಸ್ತ್ರವೈದ್ಯರ ಒಂದು ಯುಕ್ತಿಯು ಪ್ರಕೃತಕ್ಕೆ ಬೇಕಾಗಿದೆ. ಅಮೆರಿಕದ ಹಾಲ್‌ಸ್ಟೆಡ್ ೧೯೧೩ರಲ್ಲಿ ಪ್ರಾಣಿಗಳ ಕರುಳಿನಿಂದ ಮಾಡಿದ ದಪ್ಪನೆಯ ದಾರಕ್ಕಿಂತ ನವುರಾದ ರೇಷ್ಮೆಯೇ ಮೇಲೆಂದು ವಾದಿಸಿದನು. ದಾರವು ತಾನು ಹಿಡಿದಿರುವ ಅಂಗಾಂಶಕ್ಕಿಂತ ಬಲವಾಗಿರಬೇಕಾದ ಅಗತ್ಯವಿಲ್ಲವೆಂಬ ಸೂತ್ರವು ಶಸ್ತ್ರಚಿಕಿತ್ಸೆಯ ಪಾಠಗಳಲ್ಲಿ ಬಹುಕಾಲದಿಂದ ಪ್ರಚಾರದಲ್ಲಿದೆ. ಮೆನಿಸ್ಕಸ್ಸಿನ ಪ್ರಯೋಗಸಾಹಿತ್ಯವನ್ನು ಅಳೆಯುವುದಕ್ಕೆ ಈ ಸೂತ್ರವೇ ತಕ್ಕ ಮಾನದಂಡ.

೩

ಮೆನಿಸ್ಕಸ್ ಎಂಬುದು ತೊಡೆಯೆಲುಬಿಗೂ ಮೊಳಕಾಲಿನ ದೊಡ್ಡ ಎಲುಬಿಗೂ ನಡುವೆ, ಒಳಮಗ್ಗುಲಲ್ಲಿ ಒಂದು ಹೊರಮಗ್ಗುಲಲ್ಲಿ ಒಂದರಂತೆ, ಬಾಲಚಂದ್ರನ ಆಕಾರದಲ್ಲಿರುವ ನಾರುಮೃದ್ವಸ್ಥಿ. ಇದರ ಇತಿಹಾಸವೇ ಅವಜ್ಞೆಯ ಇತಿಹಾಸ. ಎಡಿನ್‌ಬರೋದ ತಾಮಸ್ ಆನಂಡೇಲ್ ೧೮೮೩ರಲ್ಲಿ, ಸ್ಥಾನ ತಪ್ಪಿದ ಮೆನಿಸ್ಕಸ್ಸೊಂದನ್ನು ಕರುಳಿನ ದಾರದಿಂದ ಹೊಲಿದು ನಿಲ್ಲಿಸಿ, ೧೮೮೫ರಲ್ಲಿ ಅದನ್ನು ಪ್ರಕಟಿಸಿದನು. ಆದರೆ ಅದೇ ಶತಮಾನ ಮುಗಿಯುವ ಮುನ್ನ ಬ್ಲಾಂಡ್-ಸಟ್ಟನ್ ಎಂಬ ವಿದ್ವಾಂಸನು ಇದನ್ನು ಯಾವುದೋ ಸ್ನಾಯುವಿನ ನಿರುಪಯುಕ್ತ ಅವಶೇಷವೆಂದು ನಿರ್ಣಯಿಸಿದನು. ನಿರುಪಯುಕ್ತವೆಂಬ ಆ ಒಂದು ವಿಶೇಷಣದ ಬೆಂಬಲದಿಂದ ಎರಡು ಮೂರು ತಲೆಮಾರುಗಳ ಕಾಲ, ಹರಿದ ಮೆನಿಸ್ಕಸ್ಸನ್ನು ಹೊಲಿಯುವುದಕ್ಕೆ ಬದಲಾಗಿ ಕಿತ್ತುಹಾಕುವುದೇ ರೂಢಿಯಾಯಿತು. ೧೯೩೬ರಲ್ಲಿ ಕಿಂಗ್ ಎಂಬುವನು ನಾಯಿಗಳಲ್ಲಿ ಪ್ರಯೋಗಮಾಡಿ, ಕೀಲಿನ ಪೊರೆಯನ್ನು ಮುಟ್ಟುವ ಹರಿತಗಳು ಕೂಡಿಕೊಳ್ಳಬಲ್ಲವೆಂದು ತೋರಿಸಿದನು. ೧೯೪೮ರಲ್ಲಿ ಫೇರ್‌ಬ್ಯಾಂಕ್, ಮೆನಿಸ್ಕಸ್ ತೆಗೆದ ಮಂಡಿಗಳ ಎಕ್ಸ್‌ರೇ ಚಿತ್ರಗಳಲ್ಲಿ ಎಲುಬಿನ ಅಂಚು ಏಳುವುದನ್ನೂ ತೊಡೆಯೆಲುಬಿನ ತುದಿ ಚಪ್ಪಟೆಯಾಗುವುದನ್ನೂ ಕೀಲಿನ ಸಂದು ಕಿರಿದಾಗುವುದನ್ನೂ ಗುರುತಿಸಿದನು. ಕಾಲು ನೆಟ್ಟಗಿರುವಾಗ ಕೀಲಿನ ಮೇಲೆ ಬೀಳುವ ಭಾರದ ಅರ್ಧದಷ್ಟನ್ನೂ, ೯೦ ಡಿಗ್ರಿ ಮಡಿಸಿದಾಗ ೮೫ ಶತಾಂಶದಷ್ಟನ್ನೂ ಮೆನಿಸ್ಕಸ್ಸುಗಳೇ ಹೊರುವುವೆಂದು ಆಮೇಲೆ ಅಳತೆಗಳಿಂದ ತಿಳಿಯಿತು.

ಹೀಗೆ ‘ನಿರುಪಯುಕ್ತ’ ಎಂಬ ಪದದ ಬೆಲೆಯನ್ನು ಅಸಂಖ್ಯಾತರಾದ ರೋಗಿಗಳು ಸಂಧಿವಾತದ ರೂಪದಲ್ಲಿ ತೆತ್ತರು. ಈಗ ‘ಬಲ’ ಎಂಬ ಪದವು ಅದೇ ಬಗೆಯ ಸುಲಭನಿರ್ಣಯಕ್ಕೆ ದಾರಿಮಾಡಬಾರದೆಂಬ ಎಚ್ಚರವು ಅವಶ್ಯಕ. ಹೊಲಿಗೆಯು ಸೋತರೆ ಎರಡನೆಯ ಶಸ್ತ್ರಕ್ರಿಯೆಯಾಗುವುದು. ಆಗ ಬಹುಮಟ್ಟಿಗೆ ತೆಗೆದುಹಾಕುವುದೊಂದೇ ಉಳಿಯುವುದು. ಇಪ್ಪತ್ತು ವರ್ಷದ ಆಟಗಾರನಿಗಾಗಲಿ, ಕುಕ್ಕರುಗಾಲಲ್ಲಿ ಕುಳಿತು ದುಡಿಯುವ ಕೂಲಿಯವನಿಗಾಗಲಿ ಅದರ ಫಲವು ಉಳಿದ ಆಯುಷ್ಯದುದ್ದಕ್ಕೂ ಇರುವುದು.

೪

ಪ್ರಯೋಗಸಾಹಿತ್ಯದ ಕ್ರಮ ಹೀಗಿದೆ. ಹಂದಿಯ ಅಥವಾ ದನದ ಮೆನಿಸ್ಕಸ್ಸನ್ನು, ಕೆಲವೆಡೆ ಮೃತರಾದ ಮನುಷ್ಯರದನ್ನು, ಉದ್ದಕ್ಕೆ ಸೀಳಿ, ಹೊಲಿದು, ಎರಡು ಅಂಚುಗಳನ್ನೂ ಯಂತ್ರಕ್ಕೆ ಕಚ್ಚಿಸಿ, ಜೋಡಣೆ ಬಿಚ್ಚುವವರೆಗೆ ಎಳೆಯುವರು. ಬಿಚ್ಚಿದ ಕ್ಷಣದ ಭಾರವನ್ನು ನ್ಯೂಟನ್ ಎಂಬ ಮಾನದಲ್ಲಿ ಬರೆಯುವರು. ಒಂದು ಕಿಲೋಗ್ರಾಂ ತೂಕವು ಸುಮಾರು ೯.೮ ನ್ಯೂಟನ್. ಈ ಮಾರ್ಗದ ಮುಖ್ಯ ಬರಹಗಳಲ್ಲಿ ೧೯೮೯ರ ಕೋನ್ ಮತ್ತು ಸೀಬರ್ಟರದು ಒಂದು; ೧೯೯೫ರ ರಿಮ್ಮರ್ ಮೊದಲಾದವರದು ಇನ್ನೊಂದು. ಎರಡೂ ಪರೀಕ್ಷಿಸಿದ್ದು ಹೊಲಿಗೆಯ ಕ್ರಮವನ್ನು. ರಿಮ್ಮರರ ಬರಹದಲ್ಲಿ ಅಡ್ಡಹೊಲಿಗೆಯು ಸುಮಾರು ೨೯ ನ್ಯೂಟನ್ನಿಗೆ ಬಿಚ್ಚಿತು. ನಿಲುಹೊಲಿಗೆಯು ಸುಮಾರು ೬೭ರವರೆಗೆ ತಡೆಯಿತು. ಎಂದರೆ ಮೂರು ಕಿಲೋಗ್ರಾಂ ಹೊರುತ್ತಿದ್ದ ಜೋಡಣೆಯು ಸೂಜಿಯ ದಾರಿಯನ್ನು ಬದಲಿಸಿದ ಮಾತ್ರಕ್ಕೆ ಸುಮಾರು ಏಳು ಕಿಲೋಗ್ರಾಂ ಹೊತ್ತಿತು.

ಕಾರಣವು ದಾರದಲ್ಲಿಲ್ಲ, ಮೆನಿಸ್ಕಸ್ಸಿನ ನೆಯ್ಗೆಯಲ್ಲಿದೆ. ಅದರ ನಾರುಗಳಲ್ಲಿ ಬಹುಪಾಲು ಚಂದ್ರಾಕೃತಿಯ ಅಂಚನ್ನೇ ಅನುಸರಿಸಿ ಸುತ್ತುವರಿದು ಹೋಗುವುವೆಂದು ೧೯೭೦ರಲ್ಲಿ ಬುಲ್ಲೋ ಮತ್ತು ಆತನ ಸಹೋದ್ಯೋಗಿಗಳು ವಿವರಿಸಿದರು. ನಿಲುಹೊಲಿಗೆಯು ಈ ನಾರುಗಳ ಕಟ್ಟನ್ನು ಸುತ್ತಿಕೊಂಡು ಹಿಡಿಯುತ್ತದೆ. ಅಡ್ಡಹೊಲಿಗೆಯು ನಾರುಗಳಿಗೆ ಸಮಾನವಾಗಿ ಮಲಗುವುದರಿಂದ ಅವುಗಳ ನಡುವೆಯೇ ಜಾರಿ ಹೊರಬೀಳುತ್ತದೆ. ಸೌದೆಯನ್ನು ಎಳೆಯ ಉದ್ದಕ್ಕೆ ಸೀಳುವುದು ಸುಲಭ, ಅಡ್ಡಕ್ಕೆ ಕಡಿಯುವುದು ಕಷ್ಟ ಎಂಬುದನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಹರಿತವು ಉದ್ದಕ್ಕಿರದೆ ಒಳಅಂಚಿನಿಂದ ಹೊರಅಂಚಿಗೆ ಸೀಳಿಕೊಂಡು ಹೋದಾಗ ಅದನ್ನು ಕೂಡಿಸುವ ದಾರವು ನಾರುಗಳ ಜಾಡಿನಲ್ಲಿಯೇ ಎಳೆಯಬೇಕಾಗುವುದು. ಅಂತಹ ಹರಿತಗಳ ಜೋಡಣೆ ಕಷ್ಟಸಾಧ್ಯವಾಗಿರುವುದಕ್ಕೆ ಇದೂ ಒಂದು ಕಾರಣ.

೫

ಆಮೇಲೆ ದಾರವೇ ಬದಲಾಯಿತು. ದೇಹದಲ್ಲಿ ಕರಗುವ ಪಾಲಿಡಯಾಕ್ಸನೋನ್ ಎಂಬ ಒಂಟಿ ಎಳೆಯ ದಾರವೂ, ಕರಗದ ಪಾಲಿಯೆಸ್ಟರಿನ ಹೆಣೆದ ದಾರವೂ ಮೊದಲು ಬಳಕೆಯಲ್ಲಿದ್ದುವು. ಈ ಶತಮಾನದ ಆರಂಭದಿಂದ ಅತ್ಯಧಿಕ ಅಣುತೂಕದ ಪಾಲಿಎಥಿಲೀನಿನ ಹೆಣೆದ ದಾರಗಳು ಬಂದುವು. ಅದೇ ದಪ್ಪದಲ್ಲಿ ಇವು ಪಾಲಿಯೆಸ್ಟರಿಗಿಂತ ಬಹಳ ಹೆಚ್ಚು ಭಾರವನ್ನು ತಡೆಯುತ್ತವೆ, ಎಳೆದರೆ ಕಡಿಮೆ ಹಿಗ್ಗುತ್ತವೆ. ಶಸ್ತ್ರಕ್ರಿಯೆಯ ದಾರಗಳ ತಯಾರಿಕೆಯು ಬೆಂಗಳೂರಿನಲ್ಲಿಯೂ ಬೆಳೆದ ಉದ್ಯಮ; ‘ಸೂಚರ್ಸ್ ಇಂಡಿಯಾ’ ಎಂಬ ಹೆಸರಿನಲ್ಲಿ ಮೊದಲಾಗಿ ಆಮೇಲೆ ‘ಹೆಲ್ತಿಯಂ’ ಎಂದು ಹೆಸರು ಬದಲಿಸಿದ ಸಂಸ್ಥೆಯು ಇಲ್ಲಿಯದೇ. ಆದಕಾರಣ ಈ ವಾದವು ದೂರದೇಶದವರ ವಾದವೆಂದು ಕಡೆಗಣಿಸತಕ್ಕುದಲ್ಲ.

ಹೊಸ ದಾರದಿಂದ ಹೊಲಿದ ಜೋಡಣೆಗಳ ಅಂಕಿಗಳು ಏರಿದುವೆಂಬುದು ನಿಜ. ಆದರೆ ಇಲ್ಲಿಯೇ ವಾಚಕನು ನಿಂತು ಕೇಳಬೇಕಾದ ಪ್ರಶ್ನೆಯಿದೆ: ಮೊದಲು ಸೋತದ್ದು ಯಾವುದು? ಜೋಡಣೆಯು ಮೂರು ಬಗೆಯಲ್ಲಿ ಬಿಚ್ಚಬಹುದು. ದಾರವು ತುಂಡಾಗಬಹುದು, ಗಂಟು ಜಾರಬಹುದು, ದಾರವೂ ಗಂಟೂ ನೆಟ್ಟಗಿದ್ದು ಅಂಗಾಂಶವೇ ಕೊಯ್ದುಹೋಗಬಹುದು. ದಾರವು ತುಂಡಾದ ಪಕ್ಷದಲ್ಲಿ ಬರೆದ ಅಂಕಿಯು ದಾರದ ಬಲ. ಅಂಗಾಂಶವು ಕೊಯ್ದುಹೋದ ಪಕ್ಷದಲ್ಲಿ ಅದು ಮೆನಿಸ್ಕಸ್ಸಿನ ಬಲ. ದಾರವನ್ನು ಬಲಪಡಿಸುತ್ತ ಹೋದಂತೆ ಸೋಲಿನ ಸ್ಥಾನವು ದಾರದಿಂದ ಅಂಗಾಂಶಕ್ಕೆ ಜಾರುತ್ತದೆ. ಆ ಎಲ್ಲೆಯನ್ನು ದಾಟಿದ ಮೇಲೆ ದಾರಕ್ಕೆ ಇನ್ನೆಷ್ಟು ಬಲವನ್ನು ಕೂಡಿಸಿದರೂ ಜೋಡಣೆಗೆ ಅದು ಸೇರುವುದಿಲ್ಲ. ಹೂಮಾಲೆ ಕಟ್ಟುವವರು ಬಾಳೆನಾರನ್ನು ನೆನೆಸಿ ಬಳಸುವರೇ ಹೊರತು ತಂತಿಯನ್ನು ಬಳಸುವುದಿಲ್ಲ. ತಂತಿಯು ಹರಿಯದು, ಹೂವಿನ ತೊಟ್ಟು ಹರಿಯುವುದು.

ಈ ತತ್ತ್ವವು ಯಂತ್ರಯುಗದ ಶೋಧವಲ್ಲವೆಂಬುದನ್ನು ವಿದ್ವಾಂಸರು ಗಮನಿಸಬೇಕು. ಸುಶ್ರುತಸಂಹಿತೆಯ ಸೂತ್ರಸ್ಥಾನದ ೨೫ನೆಯ ಅಧ್ಯಾಯದಲ್ಲಿ ಸೀವನದ ವಿಧಿಯಿದೆ. ಅಲ್ಲಿ ನವುರಾದ ದಾರ, ಅಶ್ಮಂತಕದ ನಾರು, ಸಣಬು, ಕ್ಷೌಮ, ಸ್ನಾಯು, ಕೂದಲು, ಮೂರ್ವೆ, ಅಮೃತಬಳ್ಳಿ ಇವುಗಳನ್ನು ಹೇಳಿದೆ. ಕ್ಷೌಮವನ್ನು ರೇಷ್ಮೆಯೆಂದು ಅರ್ಥಮಾಡುವವರುಂಟು; ಕ್ಷುಮಾ ಎಂದರೆ ಅಗಸೆಯಾದುದರಿಂದ ಅದು ಅಗಸೆಯ ನಾರೆಂಬುದೇ ಸಮಂಜಸ. ಪಟ್ಟಿಗಿಂತ ಮುಖ್ಯವಾದದ್ದು ಅದರ ಸುತ್ತಲಿನ ವಿಚಾರ. ಮಾಂಸ ಕಡಮೆಯಿರುವ ಎಡೆಗೂ ಸಂಧಿಗಳಿಗೂ ಎರಡು ಅಂಗುಲದ ದುಂಡುಸೂಜಿ, ಮಾಂಸಲವಾದ ಎಡೆಗೆ ಮೂರು ಅಂಗುಲದ ಮೂರು ಅಂಚಿನ ಸೂಜಿ, ಮರ್ಮ ಮೊದಲಾದ ಸ್ಥಾನಗಳಿಗೆ ಬಿಲ್ಲಿನಂತೆ ಬಾಗಿದ ಸೂಜಿ ಎಂದು ಅಂಗವನ್ನು ನೋಡಿ ಉಪಕರಣವನ್ನು ವಿಧಿಸಿದೆ. ಹೊಲಿಗೆಯು ಗಾಯದ ಅಂಚಿನಿಂದ ಅತಿದೂರವಾದರೆ ನೋವೆಂದೂ, ಅತಿಸಮೀಪವಾದರೆ ಅಂಚಿನ ‘ಅವಲುಂಚನ’ವೆಂದೂ ಎಚ್ಚರಿಸಿದೆ. ಅವಲುಂಚನವೆಂದರೆ ಕಿತ್ತುಬರುವುದು. ಇಂದಿನ ಪ್ರಯೋಗಶಾಲೆಯಲ್ಲಿ ದಾರವು ಅಂಗಾಂಶವನ್ನು ಕೊಯ್ದು ಹೊರಬಂತೆಂದು ಬರೆಯುವ ಸೋಲಿನ ಬಗೆಗೆ ಇದಕ್ಕಿಂತ ಒಪ್ಪುವ ಪದವು ದೊರೆಯುವುದು ಕಷ್ಟ. ಪ್ರಾಚೀನರಿಗೆ ಮೆನಿಸ್ಕಸ್ಸಿನ ಜೋಡಣೆ ತಿಳಿದಿತ್ತೆಂದು ಇದರಿಂದ ಸಾಧಿಸಲಾಗದು, ಸಾಧಿಸಬೇಕಾಗಿಯೂ ಇಲ್ಲ. ಹೊಲಿಗೆಯ ಗುಣವನ್ನು ದಾರವೊಂದರಿಂದಲೇ ನಿರ್ಣಯಿಸಬಾರದೆಂಬ ವಿವೇಕವು ಅಲ್ಲಿದೆ ಎಂಬಷ್ಟೇ ಸಾಕು.

೬

ಅಂಕಿಗಳನ್ನು ಓದುವಾಗ ನೆನಪಿನಲ್ಲಿಡಬೇಕಾದ ಇನ್ನೂ ಮೂರು ಅಂಶಗಳಿವೆ. ಮೊದಲನೆಯದು ಕಾಲ. ಯಂತ್ರದ ಪರೀಕ್ಷೆಯೆಲ್ಲವೂ ಹೊಲಿದ ಕ್ಷಣದ ಪರೀಕ್ಷೆ. ಅಲ್ಲಿ ರಕ್ತವಿಲ್ಲ, ಕೂಡಿಕೊಳ್ಳುವಿಕೆಯಿಲ್ಲ. ಜೀವಂತವಾದ ಮಂಡಿಯಲ್ಲಿ ದಾರದ ಬಲವು ಇಳಿಯುತ್ತಿರುವಾಗ ಅಂಗಾಂಶದ ಬಲವು ಏರಬೇಕು. ಪಾಲಿಡಯಾಕ್ಸನೋನ್ ಕೆಲವು ವಾರಗಳಲ್ಲಿ ತನ್ನ ಬಲದ ಗಣನೀಯ ಭಾಗವನ್ನು ಕಳೆದು, ಆರು ತಿಂಗಳ ಸುಮಾರಿಗೆ ಕರಗಿಹೋಗುವುದು. ಅಂಗಾಂಶವು ಏರುವುದೋ ಇಲ್ಲವೋ ಎಂಬುದು ರಕ್ತವನ್ನು ಅವಲಂಬಿಸಿದೆ. ೧೯೮೨ರಲ್ಲಿ ಆರ್ನಾಟ್ಸ್ಕಿ ಮತ್ತು ವಾರೆನ್ ತೋರಿಸಿದಂತೆ, ರಕ್ತನಾಳಗಳು ಒಳಮಗ್ಗುಲಿನ ಮೆನಿಸ್ಕಸ್ಸಿನ ಅಗಲದಲ್ಲಿ ಹೊರಅಂಚಿನ ೧೦ರಿಂದ ೩೦ ಶತಾಂಶವನ್ನೂ, ಹೊರಮಗ್ಗುಲಿನದರಲ್ಲಿ ೧೦ರಿಂದ ೨೫ ಶತಾಂಶವನ್ನೂ ಮಾತ್ರ ತಲಪುತ್ತವೆ. ಅದರ ಒಳಗಿನ ಹರಿತಕ್ಕೆ ಎಷ್ಟು ಬಲವಾದ ದಾರವನ್ನು ಹಾಕಿದರೂ ದಾರವು ಕಾಯಬಲ್ಲುದೇ ಹೊರತು ಕೂಡಿಸಲಾರದು.

ಎರಡನೆಯದು ಭಾರದ ರೀತಿ. ಒಂದೇ ಏಟಿಗೆ ಎಳೆದು ಹರಿಯುವುದು ಒಂದು ಪರೀಕ್ಷೆ. ಸಣ್ಣ ಭಾರವನ್ನು ನೂರಾರು ಸಲ ಹಾಕಿ ತೆಗೆಯುವುದು ಇನ್ನೊಂದು. ಅನೇಕ ಪ್ರಯೋಗಗಳಲ್ಲಿ ಈ ಸಣ್ಣ ಭಾರವು ೫ರಿಂದ ೨೦ ನ್ಯೂಟನ್ನಿನ ನಡುವೆ ಇರುತ್ತದೆ. ಮನುಷ್ಯನ ನಡಿಗೆಯು ಎರಡನೆಯ ಬಗೆಗೆ ಸಮೀಪ. ಇಲ್ಲಿ ಮುಖ್ಯವಾಗುವುದು ಎಷ್ಟಕ್ಕೆ ಹರಿಯಿತೆಂಬುದಲ್ಲ, ಹರಿಯದೆಯೇ ಎಷ್ಟು ಸಡಿಲಿತೆಂಬುದು. ಅಂಚುಗಳು ದೂರವಾದ ಜೋಡಣೆಯು ಯಂತ್ರದ ಲೆಕ್ಕದಲ್ಲಿ ಗೆದ್ದಿರಬಹುದು, ವೈದ್ಯನ ಲೆಕ್ಕದಲ್ಲಿ ಸೋತಿರಬಹುದು.

ಮೂರನೆಯದು ಭಾರದ ದಿಕ್ಕು. ಯಂತ್ರವು ಅಂಚುಗಳನ್ನು ಒಂದರಿಂದೊಂದು ದೂರಕ್ಕೆ ಎಳೆಯುತ್ತದೆ. ಆದರೆ ಹಂದಿಯ ಇಡೀ ಮಂಡಿಯ ಮೇಲೆ ಭಾರ ಹೇರಿ ೨೦೦೫ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹೊರಮಗ್ಗುಲಿನ ಉದ್ದನೆಯ ಹರಿತದ ಅಂಚುಗಳು ಒಂದನ್ನೊಂದು ಒತ್ತುವುದು ಕಂಡುಬಂತು. ಹಾಗಿರುವ ಎಡೆಯಲ್ಲಿ ದೂರಕ್ಕೆಳೆದು ಪಡೆದ ದೊಡ್ಡ ಅಂಕಿಯು, ಕೇಳದ ಪ್ರಶ್ನೆಗೆ ಕೊಟ್ಟ ಉತ್ತರದಂತಾಗುವುದು.

೭

ಇಲ್ಲಿ ಪೂರ್ವಪಕ್ಷದ ಮಾತನ್ನೂ ಕೇಳುವುದು ನ್ಯಾಯ. ದಾರವು ಅಗತ್ಯಕ್ಕಿಂತ ಬಲವಾಗಿದ್ದರೆ ಹಾನಿಯೇನು? ಅಂಗಾಂಶವು ಇನ್ನೂ ಕೂಡದಿರುವ ಮೊದಲ ವಾರಗಳಲ್ಲಿ ದಾರವೊಂದೇ ಆಧಾರ. ಗಂಟುಹಾಕುವ ಕೈಯಲ್ಲಿ ಅದು ತುಂಡಾಗದಿರುವುದೇ ದೊಡ್ಡ ಉಪಕಾರ. ಬಲವಾದ ವಸ್ತುವಿನಿಂದ ಅದೇ ಭಾರಕ್ಕೆ ಹೆಚ್ಚು ನವುರಾದ ದಾರವನ್ನು ಮಾಡಬಹುದು. ಯಂತ್ರದ ಪರೀಕ್ಷೆಯಿಲ್ಲದಿದ್ದರೆ ನಿಲುಹೊಲಿಗೆಯ ಮೇಲ್ಮೆಯೇ ತಿಳಿಯುತ್ತಿರಲಿಲ್ಲ ಎಂಬ ಈ ಮಾತುಗಳೆಲ್ಲ ಸತ್ಯವೇ. ಪ್ರಯೋಗಗಳನ್ನು ಅಲ್ಲಗಳೆಯುವುದು ಈ ವಿಮರ್ಶೆಯ ಅಭಿಪ್ರಾಯವಲ್ಲ. ಆದರೆ ಅತಿಬಲಕ್ಕೂ ಬೆಲೆಯುಂಟು. ನವುರಾಗಿಯೂ ಗಡುಸಾಗಿಯೂ ಇರುವ ಹೆಣೆದ ದಾರವು ಮೆತ್ತನೆಯ ಅಂಗಾಂಶವನ್ನು ಕೊಯ್ಯಬಲ್ಲುದು. ಕೀಲಿನ ಕಡೆಗೆ ಚಾಚಿದ ಗಡುಸಾದ ಗಂಟು ಎದುರಿನ ಎಲುಬಿನ ನುಣುಪಾದ ಹೊದಿಕೆಯನ್ನು ಉಜ್ಜಬಲ್ಲುದು. ಎಂದಿಗೂ ಕರಗದ ವಸ್ತುವು ಅಂಗಾಂಶವು ಕೂಡಿಬಂದ ಮೇಲೆಯೂ ಅಲ್ಲಿಯೇ ಉಳಿಯುವುದು. ಆದಕಾರಣ ಸಿದ್ಧಾಂತವಿಷ್ಟು: ದಾರದ ಬಲವು ಜೋಡಣೆಯ ಬಲಕ್ಕೆ ಒಂದು ಎಲ್ಲೆಯವರೆಗೆ ಮಾತ್ರ ಕಾರಣ, ಆ ಎಲ್ಲೆಯನ್ನು ಗುರುತಿಸುವುದು ಅಂಗಾಂಶ. ಸೋಲಿನ ಬಗೆಯನ್ನು ಹೇಳದೆ ಅಂಕಿಯನ್ನು ಮಾತ್ರ ಹೇಳುವ ಬರಹವು ಅರ್ಧವನ್ನೇ ಹೇಳಿದಂತೆ.

ಕನ್ನಡದಲ್ಲಿ ಈ ವಿಷಯವನ್ನು ಬರೆಯುವವರಿಗೂ ಬೋಧಿಸುವವರಿಗೂ ಇದರಿಂದ ಒಂದು ಅನುಕೂಲವುಂಟು. ವೈದ್ಯಪದಗಳ ರಚನೆಗಾಗಿ ಬಹುಕಾಲ ದುಡಿದ ಡಿ. ಎಸ್. ಶಿವಪ್ಪನವರಂಥವರು ಹಾಕಿಕೊಟ್ಟ ದಾರಿಯಲ್ಲಿ, ಪ್ರತಿಯೊಂದು ಗುಣಕ್ಕೂ ಒಂದೊಂದು ಮಾತನ್ನು ನಿಯಮಿಸಿಕೊಳ್ಳಬಹುದು. ಜೋಡಣೆ ಬಿಚ್ಚುವ ಭಾರಕ್ಕೆ ‘ಭಂಗಭಾರ’. ಎಳೆದಾಗ ಹಿಗ್ಗದೆ ನಿಲ್ಲುವ ಗುಣಕ್ಕೆ ‘ಬಿಗುಪು’. ಪದೇಪದೇ ಭಾರ ಬಿದ್ದಾಗ ಅಂಚುಗಳು ಅಗಲುವುದಕ್ಕೆ ‘ಸಡಿಲಿಕೆ’. ದಾರವು ಅಂಗಾಂಶವನ್ನು ಕಿತ್ತುಕೊಂಡು ಬರುವುದಕ್ಕೆ ‘ಅವಲುಂಚನ’. ದೇಹದಲ್ಲಿ ದಾರವು ತನ್ನ ಗುಣವನ್ನು ಉಳಿಸಿಕೊಳ್ಳುವ ಕಾಲಕ್ಕೆ ‘ಬಾಳಿಕೆ’. ಇವುಗಳಲ್ಲಿ ಅರ್ಧವು ಸಂಹಿತೆಯ ಮಾರ್ಗದವು, ಅರ್ಧವು ಕನಕಪುರ ರಸ್ತೆಯ ನೇಕಾರರಿಗೂ ದರ್ಜಿಗಳಿಗೂ ಬಾಯಲ್ಲಿರುವುವು. ಈ ಐದನ್ನೂ ಬೇರೆಬೇರೆಯಾಗಿ ಕೇಳುವ ವಿದ್ಯಾರ್ಥಿಯು, ಒಂದು ದಾರವು ಬಲವಾದುದೆಂಬ ಪ್ರಶಂಸೆಯನ್ನು ಕಂಡೊಡನೆ, ಯಾವ ಬಲ, ಎಷ್ಟು ಕಾಲದವರೆಗೆ, ಸೋತಾಗ ಸೋಲುವುದು ಯಾವುದು ಎಂದು ಕೇಳುವನು. ಅವನು ಮುಂದೆ ವೈದ್ಯನಾದರೆ ಆ ಪ್ರಶ್ನೆಗಳಿಂದ ಒಂದು ಮಂಡಿ ಉಳಿಯಬಹುದು; ವೈದ್ಯನಾಗದಿದ್ದರೂ ಪದವನ್ನು ಪರೀಕ್ಷಿಸದೆ ಒಪ್ಪಬಾರದೆಂಬ ಪಾಠವು ಅವನಲ್ಲಿ ಉಳಿಯುವುದು.